ಗೇಮ್ ಆಫ್ ಥ್ರೋನ್ಸ್: ಸೀರಿಯಲ್ ನೋಡಿ ಆಮೇಲೆ ಪುಸ್ತಕ ಓದಿದವರು ಇದ್ದೀರಾ? ಟಿರಿಯನ್ ಬೇರೆಯೇ ಮನುಷ್ಯ ಅನ್ನಿಸುತ್ತಿದೆ

ಮಳೆಗಾಲದ_ಓದು

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಕತೆಯ ಗುಟ್ಟೆಲ್ಲ ಹೊರಗೆ ಬರುತ್ತದೆ. ಸೀರಿಯಲ್ ನೋಡದವರು ಇಲ್ಲಿಗೇ ನಿಲ್ಲಿಸಿ.

ನಾನು 2019ರಲ್ಲಿ ಎಂಟೂ ಸೀಸನ್ ಒಟ್ಟಿಗೆ ನೋಡಿದ್ದೆ. ಪುಸ್ತಕ ಮುಟ್ಟಿರಲಿಲ್ಲ. ಈ ಮಳೆಗಾಲ ಆಫೀಸಿನ ಗೆಳತಿಯೊಬ್ಬಳು ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಮೊದಲ ನಾಲ್ಕು ಪುಸ್ತಕ ಕೊಟ್ಟಳು. ಮೂರನೆಯದು, 'ಎ ಸ್ಟಾರ್ಮ್ ಆಫ್ ಸ್ವೋರ್ಡ್ಸ್', ನಿನ್ನೆ ರಾತ್ರಿ ಎರಡು ಗಂಟೆಗೆ ಮುಗಿಯಿತು. ಆಮೇಲೆ ನಿದ್ದೆ ಬರಲಿಲ್ಲ.

ರೆಡ್ ವೆಡ್ಡಿಂಗ್‌ನಿಂದ, ಅಂದರೆ ಮದುವೆ ಊಟದಲ್ಲಿ ನಡೆಯುವ ಆ ಕಗ್ಗೊಲೆಯಿಂದ, ಅಲ್ಲ. ಅದು ಬರುತ್ತದೆ ಅಂತ ಗೊತ್ತಿತ್ತು. ನನ್ನನ್ನು ಅಲ್ಲಾಡಿಸಿದ್ದು, ರಾಜ ಜಾಫ್ರಿಯನ್ನು ಕೊಂದ ಆರೋಪದಲ್ಲಿ ಸಿಕ್ಕಿಬಿದ್ದ ಟಿರಿಯನ್ ಸೆರೆಮನೆಯಿಂದ ಹೊರಗೆ ಬರುವ ಜಾಗ. ಸೀರಿಯಲ್‌ನಲ್ಲಿ ಜೇಮಿ ಬಂದು ಬಾಗಿಲು ತೆಗೆಯುತ್ತಾನೆ, ಅಣ್ಣ ತಮ್ಮ ತಬ್ಬಿಕೊಳ್ಳುತ್ತಾರೆ, ಆಮೇಲೆ ಟಿರಿಯನ್ ಅಪ್ಪನ ಕೋಣೆಗೆ ಹೋಗುತ್ತಾನೆ. ಪುಸ್ತಕದಲ್ಲಿ ಹಾಗಿಲ್ಲವೇ ಇಲ್ಲ! ಹದಿಮೂರನೇ ವಯಸ್ಸಿನಲ್ಲಿ ಟಿರಿಯನ್ ಟೈಶಾ ಅನ್ನುವ ಬಡ ರೈತನ ಮಗಳನ್ನು ಮದುವೆಯಾಗಿದ್ದ. ಅವಳು ದುಡ್ಡಿಗೆ ಬಂದವಳು, ಜೇಮಿಯೇ ಗೊತ್ತುಮಾಡಿದ್ದು ಅಂತ ಅಪ್ಪ ಟೈವಿನ್ ನಂಬಿಸಿದ. ಅವಳನ್ನು ತನ್ನ ಪಹರೆಯವರ ಕೈಗೆ ಒಪ್ಪಿಸಿದ. ಅದನ್ನು ನಂಬಿಕೊಂಡೇ ಟಿರಿಯನ್ ಇಷ್ಟು ವರ್ಷ ಬದುಕಿದ್ದಾನೆ. ಈಗ ಬಿಡಿಸಲು ಬಂದ ಅಣ್ಣ ಹೇಳುತ್ತಾನೆ: ಅದು ಸುಳ್ಳು. ಅಪ್ಪ ನನ್ನ ಬಾಯಲ್ಲಿ ಹೇಳಿಸಿದ ಸುಳ್ಳು.

ಎರಡು ಪ್ರಶ್ನೆ. ಇಷ್ಟು ದೊಡ್ಡದನ್ನು ಸೀರಿಯಲ್‌ನವರು ಯಾಕೆ ಬಿಟ್ಟರು? ಮತ್ತು ಆರನೇ ಪುಸ್ತಕ ಇನ್ನೂ ಬಂದಿಲ್ಲವಲ್ಲ, ಮುಂದೆ ಓದಬೇಕಾ, ಇಲ್ಲಿಗೇ ನಿಲ್ಲಿಸಬೇಕಾ?

ರಾತ್ರಿಪಾಳಿ

ಆ ಅಧ್ಯಾಯ ಓದಿ ನಾನು ಟೆರೇಸ್‌ಗೆ ಹೋಗಿ ಅರ್ಧ ಗಂಟೆ ನಿಂತಿದ್ದೆ. ನಿಮಗೆ ನಿದ್ದೆ ಬರದೇ ಇದ್ದದ್ದು ಸರಿಯಾಗಿಯೇ ಇದೆ.

ಕೊಡಚಾದ್ರಿ_ಕಡೆಯವ

ಸೀರಿಯಲ್ ಪರವಾಗಿ ನಾನು ಮಾತಾಡುತ್ತೇನೆ. ಪುಸ್ತಕ ಓದಿದವರೆಲ್ಲ ಒಂದೇ ಕಡೆ ಸೇರಿಬಿಡುತ್ತಾರೆ.

ಆ ಮೂರನೇ ಪುಸ್ತಕ ಎಷ್ಟು ದಪ್ಪ ಅಂದರೆ ನಮ್ಮಲ್ಲಿ ಅದನ್ನು ಎರಡು ಭಾಗ ಮಾಡಿ ಮಾರುತ್ತಾರೆ. ಸೀರಿಯಲ್‌ನಲ್ಲೂ ಮೂರು ಮತ್ತು ನಾಲ್ಕನೇ ಸೀಸನ್, ಎರಡೂ ಸೇರಿ 20 ಎಪಿಸೋಡ್, ಅದಕ್ಕೇ ಹೋಗಿವೆ. ಏನನ್ನಾದರೂ ಬಿಡಲೇಬೇಕು. ಮಾರ್ಟಿನ್ ಅವರೇ ಮೊದಲ ನಾಲ್ಕು ಸೀಸನ್‌ಗೆ ಒಂದೊಂದು ಎಪಿಸೋಡ್ ಬರೆದುಕೊಟ್ಟಿದ್ದಾರೆ. ಎರಡನೇ ಸೀಸನ್‌ನ 'ಬ್ಲ್ಯಾಕ್‌ವಾಟರ್' ಅವರದೇ. ಪುಸ್ತಕದಲ್ಲಿ ಆ ಯುದ್ಧಕ್ಕೆ ಟಿರಿಯನ್ ಒಂದು ದೊಡ್ಡ ಸರಪಳಿ ಮಾಡಿಸಿ, ನದಿಯ ಬಾಯಲ್ಲಿ ಹಡಗುಗಳು ವಾಪಸ್ ಹೋಗದ ಹಾಗೆ ಕಟ್ಟಿಹಾಕುತ್ತಾನೆ. ಎಪಿಸೋಡ್‌ನಲ್ಲಿ ಸರಪಳಿಯೇ ಇಲ್ಲ, ಬರೀ ಹಸಿರು ಬೆಂಕಿ. ಬರೆದವರೇ ತಮ್ಮ ಸರಪಳಿ ಬಿಟ್ಟುಕೊಟ್ಟರು ಅಂದಮೇಲೆ ಬೇರೆಯವರನ್ನು ಬೈಯುವುದು ಯಾಕೆ?

ಇನ್ನು ಟೈಶಾ. ಆ ಕತೆಯನ್ನು ಮೊದಲ ಸೀಸನ್‌ನ ಒಂಬತ್ತನೇ ಎಪಿಸೋಡ್‌ನಲ್ಲಿ, ಯುದ್ಧದ ಹಿಂದಿನ ರಾತ್ರಿ, ಟಿರಿಯನ್ ಒಮ್ಮೆ ಹೇಳುತ್ತಾನೆ. ಅದು 2011. ಟೈವಿನ್ ಸಾಯುವುದು 2014ರಲ್ಲಿ. ಮೂರು ವರ್ಷದ ಹಿಂದೆ ಕೇಳಿದ ಒಂದು ಹೆಸರು ಎಷ್ಟು ಜನಕ್ಕೆ ನೆನಪಿರುತ್ತದೆ?

ಪುಟ_ತಿರುವಿ

@ಕೊಡಚಾದ್ರಿ_ಕಡೆಯವ ನೆನಪಿಲ್ಲದಿದ್ದರೆ ನೆನಪಿಸಬಹುದಿತ್ತು ಗುರು. ಪ್ರತಿ ಎಪಿಸೋಡ್ ಶುರುವಿನಲ್ಲಿ "ಇಲ್ಲಿಯವರೆಗೆ" ಅಂತ ಹಳೇ ತುಣುಕು ತೋರಿಸುತ್ತಾರಲ್ಲ, ಇಪ್ಪತ್ತು ಸೆಕೆಂಡ್ ಸಾಕಿತ್ತು.

ಸರಪಳಿಗೂ ಟೈಶಾಗೂ ಹೋಲಿಕೆಯೇ ಸರಿಯಿಲ್ಲ. ಸರಪಳಿ ತೆಗೆದರೆ ಯುದ್ಧ ಹೇಗೆ ಗೆದ್ದರು ಅನ್ನುವುದು ಬದಲಾಗುತ್ತದೆ, ಅಷ್ಟೇ. ಟೈಶಾ ತೆಗೆದರೆ ಟಿರಿಯನ್ ಯಾರು ಅನ್ನುವುದೇ ಬದಲಾಗುತ್ತದೆ. ಪುಸ್ತಕದಲ್ಲಿ ಅವನು ಅಪ್ಪನ ಹತ್ತಿರ ಹೋಗುವುದು ಒಂದೇ ಪ್ರಶ್ನೆ ಹಿಡಿದುಕೊಂಡು: ಅವಳೆಲ್ಲಿ? ಸೀರಿಯಲ್‌ನಲ್ಲಿ ಆ ಪ್ರಶ್ನೆಯೇ ಇಲ್ಲ. ಅಪ್ಪ ಮರಣದಂಡನೆ ಕೊಟ್ಟ, ಅಪ್ಪನ ಹಾಸಿಗೆಯಲ್ಲಿ ತಾನು ಪ್ರೀತಿಸಿದ ಶೇ ಸಿಕ್ಕಿದಳು, ಸಿಟ್ಟು ಬಂತು, ಕೊಂದ.

ಐದನೇ ಪುಸ್ತಕದಲ್ಲಿ ಟಿರಿಯನ್ ಕುಡಿದು, ಕಹಿಯಾಗಿ, ಒಮ್ಮೊಮ್ಮೆ ಅಸಹ್ಯ ಆಗುವಷ್ಟು ಕೆಟ್ಟವನಾಗಿ ಇರುತ್ತಾನೆ. ಅಪ್ಪ ಕೊನೆಯಲ್ಲಿ ಕೊಟ್ಟ ಉತ್ತರವನ್ನೇ ಸಿಕ್ಕಸಿಕ್ಕವರ ಹತ್ತಿರ ಪ್ರಶ್ನೆ ಮಾಡಿ ಕೇಳುತ್ತಾ ತಿರುಗುತ್ತಾನೆ. ಸೀರಿಯಲ್‌ನ ಟಿರಿಯನ್ ಐದನೇ ಸೀಸನ್‌ನಿಂದ ಮುಂದೆ ಎಲ್ಲರಿಗೂ ಬುದ್ಧಿ ಹೇಳುವ ಒಳ್ಳೆ ಮನುಷ್ಯ. ಅವನಿಗೆ ಮಾಡಲು ಕೆಲಸವೇ ಇರಲಿಲ್ಲ ಅಲ್ವಾ?

ಹಾಸನದವಳು

ಪುಟ_ತಿರುವಿ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹಾಳಾಗಿದ್ದು ಟಿರಿಯನ್ ಒಬ್ಬನೇ ಅಲ್ಲ, ಜೇಮಿಯೂ ಹೌದು.

ಅದೇ ಜಾಗದಲ್ಲಿ, ಸಿಟ್ಟಿನಲ್ಲಿ, ಟಿರಿಯನ್ ಅಣ್ಣನಿಗೆ ಎರಡು ಮಾತು ಹೇಳುತ್ತಾನೆ. ಒಂದು, ಜಾಫ್ರಿಯನ್ನು ಕೊಂದಿದ್ದು ನಾನೇ ಅಂತ. ಅದು ಸುಳ್ಳು, ನೋಯಿಸಲೆಂದೇ ಹೇಳಿದ್ದು. ಇನ್ನೊಂದು, ಸರ್ಸಿ (ಜೇಮಿಯ ಅವಳಿ ಸೋದರಿ, ಪ್ರೇಯಸಿಯೂ ಹೌದು) ನಿನಗೆ ನಿಷ್ಠಳಾಗಿರಲಿಲ್ಲ ಅಂತ. ಆ ಎರಡನೇ ಮಾತು ಜೇಮಿಯ ತಲೆಯಲ್ಲಿ ಹುಳದ ಹಾಗೆ ಕೊರೆಯುತ್ತದೆ. ನಾಲ್ಕನೇ ಪುಸ್ತಕದ ತುಂಬ ಅದೇ. ಅಣ್ಣ ತಮ್ಮ ತಬ್ಬಿಕೊಂಡು ಬೀಳ್ಕೊಟ್ಟರೆ ಆ ಹುಳ ಒಳಗೆ ಹೋಗುವುದು ಹೇಗೆ? ಅದಕ್ಕೇ ಎಂಟನೇ ಸೀಸನ್‌ನಲ್ಲಿ ಜೇಮಿ, ತನ್ನನ್ನು ಪ್ರೀತಿಸಿದ ಬ್ರಿಯೆನ್ ಅಳುವಂತೆ ಮಾಡಿ, ಸರ್ಸಿ ಹತ್ತಿರ ವಾಪಸ್ ಓಡಿದ್ದು. ಜನ ಆಗ "ಇದೇನು ದಿಢೀರ್ ಅಂತ" ಎಂದರು. ದಿಢೀರ್ ಅಲ್ಲ. ಐದು ವರ್ಷದ ಹಿಂದೆ ಒಂದು ಜಾಗ ಕತ್ತರಿಸಿದ್ದರ ಫಲ.

@ಮಳೆಗಾಲದ_ಓದು ನಿಲ್ಲಿಸಬೇಡಿ. ನಾಲ್ಕನೇ ಪುಸ್ತಕದ ಕೊನೆಯ ಹತ್ತಿರ ಜೇಮಿಗೆ ಒಂದು ಕಾಗದ ಬರುತ್ತದೆ. ಅದಕ್ಕಿಂತ ಜಾಸ್ತಿ ಹೇಳುವುದಿಲ್ಲ. ದಯವಿಟ್ಟು ಬೇರೆ ಯಾರೂ ಹೇಳಬೇಡಿ.

ಗಡಿನಾಡು

ರೀ, ಸೀರಿಯಲ್‌ನವರು ಪುಸ್ತಕಕ್ಕಿಂತ ಚೆನ್ನಾಗಿ ಮಾಡಿದ್ದೂ ಇದೆ, ಅದನ್ನೂ ಹೇಳಿ. ಮೊದಲ ಸೀಸನ್‌ನಲ್ಲಿ ರಾಜ ರಾಬರ್ಟ್ ಮತ್ತು ರಾಣಿ ಸರ್ಸಿ ಕುಳಿತು ತಮ್ಮ ಮದುವೆ ಹೇಗೆ ಹಾಳಾಯಿತು ಅಂತ ಮಾತಾಡುವ ದೃಶ್ಯ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಇಬ್ಬರೇ ಮನುಷ್ಯರು, ಒಂದು ಕೋಣೆ, ವೈನು. ಗಂಡ ಹೆಂಡತಿ ಸುಸ್ತಾಗಿ, ಜಗಳ ಬಿಟ್ಟು, ನಿಜ ಮಾತಾಡುವ ಹೊತ್ತು ಇರುತ್ತದಲ್ಲ, ಅದು ಅಲ್ಲಿದೆ. ಸರ್ಸಿ ಮೇಲೆ ನನಗೆ ಮೊದಲ ಸಲ ಮರುಕ ಬಂದಿದ್ದು ಅಲ್ಲಿಯೇ.

ಹಾರೆನ್‌ಹಾಲ್ ಕೋಟೆಯಲ್ಲಿ ನೆಡ್ ಸ್ಟಾರ್ಕ್‌ನ ಮಗಳು ಆರ್ಯಾ ಟೈವಿನ್‌ಗೆ ವೈನ್ ಬಡಿಸುವುದು ಕೂಡ. ಪುಸ್ತಕದಲ್ಲೂ ಇದೆ, ಆದರೆ ಸೀರಿಯಲ್‌ನಲ್ಲಿ ಹೆಚ್ಚು ಚಂದ.

ಪುಟ_ತಿರುವಿ

ಪುಸ್ತಕದಲ್ಲಿ ಅವಳು ಬಡಿಸುವುದು ಟೈವಿನ್‌ಗೆ ಅಲ್ಲ, ರೂಸ್ ಬೋಲ್ಟನ್‌ಗೆ. ಟೈವಿನ್ ಜೊತೆಗಿನ ಮಾತುಕತೆ ಪೂರ್ತಿ ಸೀರಿಯಲ್‌ನವರದೇ. ಆದರೆ ನಿಮ್ಮ ಮಾತು ಒಪ್ಪುತ್ತೇನೆ. ಚಾರ್ಲ್ಸ್ ಡಾನ್ಸ್ ಮತ್ತು ಮೇಸಿ ವಿಲಿಯಮ್ಸ್ ಎದುರುಬದುರು ಕುಳಿತಿದ್ದನ್ನು ಎಷ್ಟು ಸಲ ನೋಡಿದರೂ ಸಾಲದು.

ಗಡಿನಾಡು

ಹೌದು, ಬೋಲ್ಟನ್. ತಪ್ಪಾಯಿತು. ನೋಡಿ, ಸೀರಿಯಲ್ ಎಷ್ಟು ಚೆನ್ನಾಗಿ ಕೂತಿದೆ ಅಂದರೆ ಪುಸ್ತಕದ ನೆನಪನ್ನೇ ಅಳಿಸಿಬಿಟ್ಟಿದೆ.

ಕೊಡಚಾದ್ರಿ_ಕಡೆಯವ

ಹಾರ್ಡ್‌ಹೋಮ್ ಯುದ್ಧ ಮರೆಯಬೇಡಿ. ಐದನೇ ಸೀಸನ್, ಎಂಟನೇ ಎಪಿಸೋಡ್. ಪುಸ್ತಕದಲ್ಲಿ ಅದು ಜಾನ್‌ಗೆ ಬರುವ ಕಾಗದದಲ್ಲಿ ನಾಲ್ಕಾರು ಸಾಲು. ಸೀರಿಯಲ್‌ನಲ್ಲಿ ಕೊನೆಗೆ ಸತ್ತವರೆಲ್ಲ ಎದ್ದು ನಿಲ್ಲುತ್ತಾರೆ, ದೋಣಿಯಲ್ಲಿ ಜಾನ್ ಸುಮ್ಮನೆ ನೋಡುತ್ತಾನೆ, ಯಾರೂ ಮಾತಾಡುವುದಿಲ್ಲ. ಮೈ ಜುಂ ಅಂದಿತ್ತು.

ಕಾಫಿತೋಟ

ನನಗೆ ಆರ್ಯಾಳ ಅಕ್ಕ ಸಾನ್ಸಾ ವಿಷಯ ಹೇಳಬೇಕು. ಸೀರಿಯಲ್ ನೋಡುವಾಗ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಪುಸ್ತಕ ಓದಿದ ಮೇಲೆ ಅವಳೇ ನನ್ನ ಹುಡುಗಿ.

ಮಾರ್ಟಿನ್ ಒಂದೊಂದು ಅಧ್ಯಾಯವನ್ನೂ ಒಬ್ಬೊಬ್ಬರ ತಲೆಯೊಳಗೆ ಕುಳಿತು ಬರೆಯುತ್ತಾರೆ. ಅಧ್ಯಾಯದ ಹೆಸರೇ ಅವರ ಹೆಸರು. ಸಾನ್ಸಾ ಶುರುವಿನಲ್ಲಿ ಹನ್ನೊಂದು ವರ್ಷದ ಮಗು. ಹಾಡಿನಲ್ಲಿ ಕೇಳಿದ ರಾಜಕುಮಾರರನ್ನು ನಂಬಿದವಳು. ಹೊರಗೆ ಬಾಯಿಪಾಠದ ಮರ್ಯಾದೆ ಮಾತು, ಒಳಗೆ ನಡುಕ. ಎರಡೂ ಒಂದೇ ಸಾಲಿನಲ್ಲಿ ಸಿಗುತ್ತವೆ. ಕ್ಯಾಮೆರಾಗೆ ಹೊರಗಿನದು ಮಾತ್ರ ಕಾಣುತ್ತದೆ. ಅದಕ್ಕೇ ಅವಳು ಪೆದ್ದಿಯಂತೆ ಕಂಡಳು.

ಒಂದು ಉದಾಹರಣೆ. ಬ್ಲ್ಯಾಕ್‌ವಾಟರ್ ಯುದ್ಧದ ರಾತ್ರಿ ಜಾಫ್ರಿಯ ಅಂಗರಕ್ಷಕ ಹೌಂಡ್ ಕುಡಿದು ಅವಳ ಕೋಣೆಗೆ ಬರುತ್ತಾನೆ. ಪುಸ್ತಕದಲ್ಲಿ ಕುತ್ತಿಗೆಗೆ ಚಾಕು ಹಿಡಿದು ಹಾಡು ಅನ್ನುತ್ತಾನೆ. ಅವಳು ದೇವಿಯ ಹಾಡು ಹೇಳುತ್ತಾಳೆ. ಕತ್ತಲಲ್ಲಿ ಅವನ ಕೆನ್ನೆ ಮುಟ್ಟಿದರೆ ಒದ್ದೆ. ಅವನು ಹೊರಟುಹೋಗುತ್ತಾನೆ, ಅಷ್ಟೇ. ಮುಂದಿನ ಪುಸ್ತಕಗಳಲ್ಲಿ ಅವಳು ಆ ರಾತ್ರಿ ನೆನೆಯುವಾಗ, ಅವನು ತನಗೆ ಮುತ್ತು ಕೊಟ್ಟಿದ್ದ ಅಂದುಕೊಳ್ಳುತ್ತಾಳೆ. ಕೊಟ್ಟೇ ಇಲ್ಲ! ನಾನು ಹಿಂದೆ ತಿರುಗಿಸಿ ಎರಡು ಸಲ ನೋಡಿದೆ. ಭಯವನ್ನು ತಡೆದುಕೊಳ್ಳಲು ಆ ಹುಡುಗಿಯ ಮನಸ್ಸು ತಾನೇ ಒಂದು ನೆನಪು ಹೊಲಿದುಕೊಂಡಿದೆ. ಇದನ್ನು ಟಿವಿಯಲ್ಲಿ ತೋರಿಸುವುದು ಹೇಗೆ ಹೇಳಿ.

ರಾತ್ರಿಪಾಳಿ

ಸಾನ್ಸಾಳ ತಾಯಿ ಕ್ಯಾಟಲಿನ್ ಕೂಡ ಹಾಗೇ. ರೆಡ್ ವೆಡ್ಡಿಂಗ್ ಪುಸ್ತಕದಲ್ಲಿ ಪೂರ್ತಿ ಅವಳ ತಲೆಯೊಳಗೆ ನಡೆಯುತ್ತದೆ. ಕೊನೇ ಗಳಿಗೆಯಲ್ಲಿ ಅವಳಿಗೆ ಬರುವ ಯೋಚನೆ ತನ್ನ ಕೂದಲಿನದು, ಗಂಡನಿಗೆ ಅದು ಇಷ್ಟ ಅಂತ. ಮಾರ್ಟಿನ್‌ಗೇ ಅದನ್ನು ಬರೆಯಲು ಕೈ ಬಂದಿರಲಿಲ್ಲವಂತೆ. ಇಡೀ ಪುಸ್ತಕ ಮುಗಿಸಿ ಕೊನೆಗೆ ಆ ಜಾಗಕ್ಕೆ ವಾಪಸ್ ಬಂದು ಬರೆದರು.

ಎಲೆ_ಊಟ

ಗಂಭೀರ ಚರ್ಚೆಯ ನಡುವೆ ಊಟದ ವಿಷಯ ತರುತ್ತೇನೆ, ಬೈಯಬೇಡಿ. ಜಾಫ್ರಿ ಮದುವೆಗೆ ಪುಸ್ತಕದಲ್ಲಿ 77 ಬಗೆ ಅಡುಗೆ. ಅಷ್ಟೂ ಬಂದಾಗ ವಧುವರರ ಗತಿ ಏನು ಅಂತ ಯೋಚಿಸುವಷ್ಟರಲ್ಲಿ ವರನೇ ಹೋದ. ಸೀರಿಯಲ್‌ನಲ್ಲಿ ಪಾರಿವಾಳದ ಪೈ ಒಂದೇ ನೆನಪು.

ಮಾರ್ಟಿನ್ ಊಟ ಬರೆಯುವ ರೀತಿ ನನಗೆ ಬಹಳ ಇಷ್ಟ. ಮನೆ ಯಾವುದು, ಕಾಲ ಯಾವುದು, ಬರ ಇದೆಯಾ ಇಲ್ಲವಾ, ಎಲ್ಲ ತಟ್ಟೆಯಲ್ಲಿ ಗೊತ್ತಾಗುತ್ತದೆ. ರಾಜಧಾನಿಯಲ್ಲಿ 77 ಬಗೆ, ಉತ್ತರದ ಗಡಿಯ ಗೋಡೆಯ ಹತ್ತಿರ ಜಾನ್ ಉಗ್ರಾಣದ ಲೆಕ್ಕ ಹಾಕುತ್ತಾ ಚಳಿಗಾಲಕ್ಕೆ ಸಾಲುವುದಿಲ್ಲ ಅಂತ ಕಂಗಾಲಾಗಿರುತ್ತಾನೆ.

ಕೊಡಚಾದ್ರಿ_ಕಡೆಯವ

ಅದು ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮಜ್ಜಿ ಮೇ ತಿಂಗಳು ಬಂದರೆ ಸಾಕು, ಕಟ್ಟಿಗೆ ಒಳಗೆ ಬಂತಾ, ಹಪ್ಪಳ ಒಣಗಿತಾ, ಮಿಡಿ ಉಪ್ಪಿಗೆ ಬಿತ್ತಾ ಅಂತ ಒಂದೇ ಸಮ. ನೆಡ್ ಸ್ಟಾರ್ಕ್ "ಚಳಿಗಾಲ ಬರುತ್ತಿದೆ" ಅಂದಾಗ ನನಗೆ ಕೇಳಿಸಿದ್ದು ಅಜ್ಜಿಯ ದನಿ. ಅಲ್ಲಿ ಚಳಿಗಾಲ ವರ್ಷಗಟ್ಟಲೆ ಇರುತ್ತದೆ. ಆದರೆ ಸೀರಿಯಲ್‌ನಲ್ಲಿ ಕೊನೆಗೆ ಆ ಚಳಿಗಾಲ ಒಂದೇ ರಾತ್ರಿಗೆ ಮುಗಿದುಹೋಯಿತು. ನಾನು ಸೀರಿಯಲ್ ಪರ ಇದ್ದರೂ ಅದೊಂದು ಮಾತ್ರ ಒಪ್ಪಲಾರೆ.

ಜೋಳದರೊಟ್ಟಿ

ಎಲ್ಲರೂ ಸುತ್ತಿ ಬಳಸಿ ಮಾತಾಡುತ್ತಿದ್ದೀರಿ. ವಿಷಯ ಸರಳ. ಪುಸ್ತಕ ಇರುವವರೆಗೆ ಸೀರಿಯಲ್ ಚೆನ್ನಾಗಿತ್ತು. ಪುಸ್ತಕ ಮುಗಿಯಿತು, ಸೀರಿಯಲ್ ಕೆಟ್ಟಿತು. ಐದನೇ ಪುಸ್ತಕ ಬಂದದ್ದು 2011ರಲ್ಲಿ. ಆರನೆಯದು ಬಂದೇ ಇಲ್ಲ. ತಪ್ಪು ಮಾರ್ಟಿನ್ ಅವರದೇ.

ಹಾಸನದವಳು

ಇಲ್ಲ, ಇದೇ ಮಾತನ್ನು ಎಲ್ಲರೂ ಹೇಳುತ್ತಾರೆ, ಇದೇ ತಪ್ಪು. ಲೆಕ್ಕ ಹಾಕಿ. ಟೈಶಾ ಇರುವ ಮೂರನೇ ಪುಸ್ತಕ ಬಂದದ್ದು 2000ದಲ್ಲಿ. ಸೀರಿಯಲ್‌ನವರು ಅದನ್ನು ಬಿಟ್ಟದ್ದು 2014ರಲ್ಲಿ. ಹದಿನಾಲ್ಕು ವರ್ಷ ಪುಸ್ತಕ ಎದುರಿಗೇ ಇತ್ತು.

ಲೇಡಿ ಸ್ಟೋನ್‌ಹಾರ್ಟ್, ಅಂದರೆ ಸತ್ತು ಎದ್ದು ಬಂದ ಕ್ಯಾಟಲಿನ್? ಅದೇ ಪುಸ್ತಕದ ಕೊನೆಯ ಪುಟಗಳು. ಬಿಟ್ಟರು. ಡಾರ್ನ್‌ನ ರಾಜಕುಮಾರಿ ಅರಿಯಾನ್? ನಾಲ್ಕನೇ ಪುಸ್ತಕ, 2005. ಬಿಟ್ಟರು. ಬೋಲ್ಟನ್ ಮಗ ರಾಮ್ಸೆ ಜೊತೆ ಸಾನ್ಸಾ ಮದುವೆ? ಪುಸ್ತಕದಲ್ಲಿ ಅದು ಸಾನ್ಸಾ ಅಲ್ಲ, ಆರ್ಯಾ ಅಂತ ಸುಳ್ಳು ಹೇಳಿ ಕರೆತಂದ ಸಾನ್ಸಾಳ ಗೆಳತಿ ಜೇನ್ ಪೂಲ್. ಅದನ್ನೂ ಬದಲಾಯಿಸಿದರು. ಇವೆಲ್ಲ ಪುಸ್ತಕ ಕೈಯಲ್ಲಿದ್ದಾಗ ಮಾಡಿದ ತೀರ್ಮಾನಗಳು. ಬೇರು ನಾಲ್ಕನೇ ಸೀಸನ್‌ನಲ್ಲೇ ಕತ್ತರಿಸಿತ್ತು. ಎಲೆ ಉದುರಿದ್ದು ನಮಗೆ ಏಳು ಎಂಟರಲ್ಲಿ ಕಂಡಿತು.

ಜೋಳದರೊಟ್ಟಿ

ಮೇಡಂ, ಜೇನ್ ಪೂಲ್ ಅನ್ನುವ ಹುಡುಗಿ ನೋಡುವವರಿಗೆ ಗೊತ್ತೇ ಇಲ್ಲ. ಅವಳಿಗಾಗಿ ಯಾರು ಅಳುತ್ತಾರೆ? ಗೊತ್ತಿರುವ ಪಾತ್ರ ಹಾಕಿದ್ದಾರೆ. ಟಿವಿ ಅಂದರೆ ಹಾಗೇ. ಜನ ಎಂಟನೇ ಸೀಸನ್ ಬಗ್ಗೆ ಅಷ್ಟು ಬೈದರೂ ಅದಕ್ಕೇ 12 ಎಮ್ಮಿ ಪ್ರಶಸ್ತಿ ಬಂತು.

ಕಾಫಿತೋಟ

ಜೇನ್ ಪೂಲ್‌ಗಾಗಿ ನಾನು ಅತ್ತಿದ್ದೇನೆ. ಯಾರಿಗೂ ಗೊತ್ತಿಲ್ಲದ ಹುಡುಗಿ, ಅವಳ ಹೆಸರನ್ನೂ ಕಿತ್ತುಕೊಂಡಿದ್ದಾರೆ, ಕಾಪಾಡಲು ಬರುವವರೂ ಆರ್ಯಾಗಾಗಿ ಬರುತ್ತಾರೆ. ಆ ಕತೆಯ ನೋವೇ ಅದು. ಗೊತ್ತಿರುವ ಹುಡುಗಿಯನ್ನು ತಂದು ಕೂರಿಸಿದರೆ ಆ ನೋವು ಉಳಿಯುವುದಿಲ್ಲ.

ಹಳೇ_ಮೇಷ್ಟ್ರು

ಮಕ್ಕಳೇ, ನಾನು ನಿಮ್ಮ ಸೀರಿಯಲ್ ಅರ್ಧ ನೋಡಿದ್ದೇನೆ, ಪುಸ್ತಕ ಎರಡು ಓದಿದ್ದೇನೆ. ಹಾಗಾಗಿ ಒಂದೇ ವಿಷಯಕ್ಕೆ ಬಾಯಿ ಹಾಕುತ್ತೇನೆ. "ಮುಗಿಯದ ಪುಸ್ತಕ ಓದಬೇಕಾ" ಅಂತ ಕೇಳಿದ್ದಾರಲ್ಲ.

ಕುಮಾರವ್ಯಾಸ ಹತ್ತು ಪರ್ವಕ್ಕೇ ನಿಲ್ಲಿಸಿದ. ಗದಾಪರ್ವದಲ್ಲಿ ಅವನ ಭಾರತ ಮುಗಿಯುತ್ತದೆ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಮುಗಿಸಿದ. ಬಾಣನ ಕಾದಂಬರಿಯೂ ಅರ್ಧಕ್ಕೆ ನಿಂತದ್ದು, ಮಗ ಮುಗಿಸಿದ. ಇಂದಿಗೂ ನಮ್ಮ ಕಡೆ ಗಮಕಕ್ಕೆ ಕುಳಿತರೆ ಓದುವುದು ಕುಮಾರವ್ಯಾಸನನ್ನೇ. ಮುಗಿದಿಲ್ಲ ಅಂತ ಯಾರೂ ಎದ್ದು ಹೋಗಿಲ್ಲ. ಓದಮ್ಮ.

ಪುಟ_ತಿರುವಿ

ಮೇಷ್ಟ್ರೇ, ಹೋಲಿಕೆ ಚೆನ್ನಾಗಿದೆ, ಆದರೆ ಒಂದು ವ್ಯತ್ಯಾಸ. ಭಾರತದ ಕತೆ ಮುಂದೇನು ಅಂತ ಕೇಳುವವರಿಗೆ ಮೊದಲೇ ಗೊತ್ತು. ಇಲ್ಲಿ ಗೊತ್ತಿಲ್ಲ. ಹದಿನೈದು ವರ್ಷಕ್ಕೂ ಹಿಂದೆ ಶುರುಮಾಡಿದವರ ಸಂಕಟ ಅದು.

ಹಳೇ_ಮೇಷ್ಟ್ರು

ಅದು ನಿಜ. ಒಪ್ಪಿದೆ.

ದೀಪದ_ಬುಡ

ಒಂದು ಸಣ್ಣದನ್ನು ಬಿಟ್ಟರೆ ಏನಾಗುತ್ತದೆ ಅನ್ನುವ ಮಾತು ಬಂತಲ್ಲ, ಮಾರ್ಟಿನ್ ಅವರೇ ಅದನ್ನು 'ಹೌಸ್ ಆಫ್ ದ ಡ್ರ್ಯಾಗನ್' (ಇದೇ ಲೋಕದ ಹಿಂದಿನ ಕಾಲದ ಸೀರಿಯಲ್) ಬಗ್ಗೆ ಹೇಳಿದ್ದಾರೆ. 2024ರ ಸೆಪ್ಟೆಂಬರ್‌ನಲ್ಲಿ ತಮ್ಮ ಬ್ಲಾಗ್‌ನಲ್ಲಿ ಬರೆದಿದ್ದರು. ಮೇಲರ್ ಅನ್ನುವ ಪುಟ್ಟ ಮಗುವಿನ ಪಾತ್ರ ತೆಗೆದಿದ್ದರಿಂದ ಮುಂದೆ ಏನೇನು ಸಡಿಲವಾಗುತ್ತದೆ ಅಂತ. ಸ್ವಲ್ಪ ಹೊತ್ತಿಗೆ ಆ ಬರಹ ತೆಗೆದುಹಾಕಿದರು. ಅವರಿಗೂ ಇದೇ ನೋವು ಇದೆ.

ಆ ಸೀರಿಯಲ್‌ನ ಮೂಲ 'ಫೈರ್ ಅಂಡ್ ಬ್ಲಡ್', 2018ರದು, ಕಾದಂಬರಿಯ ಹಾಗೆ ಇಲ್ಲ. ಇತಿಹಾಸದ ಹಾಗೆ ಬರೆದಿದ್ದಾರೆ. ಒಂದೇ ಘಟನೆಗೆ ಮೂರು ಮೂರು ಸಾಕ್ಷಿ. ಅರಮನೆಯ ವಿದೂಷಕ ಒಂದು ಹೇಳುತ್ತಾನೆ, ಪೂಜಾರಿ ಒಂದು ಹೇಳುತ್ತಾನೆ. ನಿಜ ಯಾವುದು ಓದುವವರಿಗೆ ಬಿಟ್ಟದ್ದು. ಟಿವಿಯವರು ಒಂದನ್ನು ಆರಿಸಲೇಬೇಕು.

ಎಲೆ_ಊಟ

ಇನ್ನೊಂದು ಪಕ್ಕದ ವಿಷಯ. ಹೋಡರ್ ಹೆಸರಿನ ಗುಟ್ಟು, 'ಹೋಲ್ಡ್ ದ ಡೋರ್' ಸವೆದು 'ಹೋಡರ್' ಆದದ್ದು, ಕನ್ನಡದಲ್ಲಿ ಹೇಗೆ ಮಾಡುತ್ತೀರಿ? "ಬಾಗಿಲು ಹಿಡಿ, ಬಾಗಿಲು ಹಿಡಿ" ಅಂತ ಬೇಗ ಬೇಗ ಹೇಳಿದರೆ "ಬಾಗ್ಡಿ" ಆಗುತ್ತದೆ. ಹೆಸರು ಬಾಗ್ಡಿ ಅಂತ ಇಡಬಹುದಾ?

ರಾತ್ರಿಪಾಳಿ

ಬಾಗ್ಡಿ ಚೆನ್ನಾಗಿದೆ! ಊರಲ್ಲಿ ಹಾಗೇ ಅಡ್ಡಹೆಸರು ಬೀಳುವುದು. ಆ ಗುಟ್ಟು ಮಾರ್ಟಿನ್ ಅವರೇ ಸೀರಿಯಲ್‌ನವರಿಗೆ ಹೇಳಿದ್ದಂತೆ. ಪುಸ್ತಕದಲ್ಲಿ ಇನ್ನೂ ಆ ಜಾಗ ಬಂದಿಲ್ಲ. ಅವನ ನಿಜ ಹೆಸರೂ ಬೇರೆ. ಪುಸ್ತಕದಲ್ಲಿ ವಾಲ್ಡರ್, ಸೀರಿಯಲ್‌ನಲ್ಲಿ ವೈಲಿಸ್.

ಕೊಡಚಾದ್ರಿ_ಕಡೆಯವ

ಹಾಗಾದರೆ ಪುಸ್ತಕ ಇಲ್ಲದಿದ್ದಾಗಲೂ ಮಾರ್ಟಿನ್ ಕೊಟ್ಟದ್ದನ್ನು ಅವರು ಚೆನ್ನಾಗಿ ಮಾಡಿದರು ಅಂತಾಯಿತು. ಹೋಡರ್ ಸಾಯುವಾಗ ನಮ್ಮ ಮನೆಯಲ್ಲಿ ಅಪ್ಪನೂ ಎದ್ದು ಒಳಗೆ ಹೋದರು.

ಹಾಸನದವಳು

ಹೌದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅಲ್ಲಿ ಕಾರಣವೂ ಇತ್ತು, ಫಲವೂ ಇತ್ತು. ಡ್ರ್ಯಾಗನ್‌ಗಳ ರಾಣಿ ಡೆನೇರಿಸ್ ವಿಷಯದಲ್ಲಿ ಫಲ ಮಾತ್ರ ತೋರಿಸಿದರು. ಏಳನೇ ಸೀಸನ್‌ಗೆ 7 ಎಪಿಸೋಡ್, ಎಂಟಕ್ಕೆ 6. ಗಂಟೆ ಹೊಡೆಯಿತು, ಊರು ಸುಟ್ಟಳು. ಅವಳು ಆ ದಾರಿಗೆ ಹೋಗಬಹುದು ಅಂತ ಪುಸ್ತಕ ಓದಿದವರಿಗೆ ಮೊದಲಿಂದ ಅನುಮಾನ ಇತ್ತು. ಹೋದದ್ದಕ್ಕೆ ನನ್ನ ತಕರಾರಿಲ್ಲ. ಹೋಗುವ ದಾರಿ ತೋರಿಸಲಿಲ್ಲ.

ಗಡಿನಾಡು

@ಮಳೆಗಾಲದ_ಓದು ಒಂದು ಎಚ್ಚರಿಕೆ. ನಾಲ್ಕನೇ ಪುಸ್ತಕದಲ್ಲಿ ಟಿರಿಯನ್, ಡೆನೇರಿಸ್ ಅಧ್ಯಾಯಗಳೇ ಇಲ್ಲ, ಜಾನ್‌ನದೂ ಇಲ್ಲ. ಅವರೆಲ್ಲ ಐದರಲ್ಲಿ. ನಾಲ್ಕು ಸರ್ಸಿ, ಜೇಮಿ, ಬ್ರಿಯೆನ್ ಅವರದು. ಬೇಸರ ಮಾಡಿಕೊಂಡು ನಡುವೆ ಬಿಡಬೇಡಿ.

ಮಳೆಗಾಲದ_ಓದು

ಮೂರು ವಾರ ಆಯಿತು, ಈಗ ಬರೆಯುತ್ತಿದ್ದೇನೆ. ಕಾಗದ ಬಂತು.

@ಹಾಸನದವಳು ನೀವು ಹೇಳದೇ ಇದ್ದದ್ದಕ್ಕೆ ಕೈ ಮುಗಿಯುತ್ತೇನೆ. ಸರ್ಸಿ ಸೆರೆಯಲ್ಲಿದ್ದಾಳೆ, ಬಾ, ಕಾಪಾಡು, ಪ್ರೀತಿಸುತ್ತೇನೆ ಅಂತ ಬರೆದಿದ್ದಾಳೆ. ಜೇಮಿ ಕಿಟಕಿಯ ಹತ್ತಿರ ನಿಂತು ಓದುತ್ತಾನೆ. ಹೊರಗೆ ಹಿಮ ಶುರುವಾಗಿದೆ. ಒಂದು ಹನಿ ಹಿಮ ಕಾಗದದ ಮೇಲೆ ಬಿದ್ದು ಕರಗುತ್ತದೆ, ಶಾಯಿ ಕಲೆಸುತ್ತದೆ. ಅವನು ಒಂದೇ ಕೈಯಲ್ಲಿ ಕಾಗದ ಸುತ್ತಿ ಹುಡುಗನಿಗೆ ಕೊಟ್ಟು, ಬೆಂಕಿಗೆ ಹಾಕು ಅನ್ನುತ್ತಾನೆ.

ನಾನು ಸೀರಿಯಲ್‌ನಲ್ಲಿ ನೋಡಿದ ಜೇಮಿ ಕುದುರೆ ಹತ್ತಿ ಅವಳ ಹತ್ತಿರ ಹೋಗಿ ಸತ್ತಿದ್ದ. ಇವನು ಹೋಗಲಿಲ್ಲ. ಟಿರಿಯನ್ ಸಿಟ್ಟಿನಲ್ಲಿ ಆಡಿದ ಆ ಒಂದು ಮಾತು ಇಲ್ಲಿಯವರೆಗೆ ಬಂದು ಆ ಕಾಗದ ಸುಟ್ಟಿತು. ನನ್ನ ಮೊದಲ ಪ್ರಶ್ನೆಗೆ ಉತ್ತರ ಇನ್ನೂ ಪೂರ್ತಿ ಸಿಕ್ಕಿಲ್ಲ, ಯಾಕೆ ಬಿಟ್ಟರು ಅಂತ. ಎರಡನೆಯದಕ್ಕೆ ಸಿಕ್ಕಿತು.

ಗೆಳತಿಯ ಹತ್ತಿರ ಐದನೆಯದು ಇಲ್ಲ. ಮೈಸೂರಿನಲ್ಲಿ ಯಾರ ಹತ್ತಿರವಾದರೂ ಇದೆಯಾ? ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ರಟ್ಟು ಹಾಕಿ ಜೋಪಾನವಾಗಿ ವಾಪಸ್ ಕೊಡುತ್ತೇನೆ.

ಜೋಳದರೊಟ್ಟಿ

ನನ್ನ ಹತ್ತಿರ ಇದೆ, ಎರಡು ಭಾಗದ್ದು. ನಾನಿರುವುದು ಧಾರವಾಡದಲ್ಲಿ, ಆದರೆ ಮುಂದಿನ ವಾರ ತಂಗಿ ಮೈಸೂರಿಗೆ ಬರುತ್ತಾಳೆ, ಕೈಯಲ್ಲಿ ಕಳಿಸುತ್ತೇನೆ. ಓದಿ ಮುಗಿಸಿ ಬನ್ನಿ, ಜೇನ್ ಪೂಲ್ ವಿಷಯ ಜಗಳ ಇನ್ನೂ ಬಾಕಿ ಇದೆ.